ಬರದ ನಾಡಿನ ಪ್ರತಿನಿಧಿ

ಸಿದ್ಧರಾಮನು ಕೆರೆ ತೋಡಿಸಿದ ಸೊಲ್ಲಾಪುರವು ಕನ್ನಡಿಗರಿಗೆ ಅಪರಿಚಿತವಾದ ಊರಲ್ಲ. ಈಗ ಮಹಾರಾಷ್ಟ್ರಕ್ಕೆ ಸೇರಿರುವ ಆ ಜಿಲ್ಲೆಯಲ್ಲಿ ಸಾಂಗೋಲಾ ಎಂಬ ತಾಲ್ಲೂಕು ಇದೆ. ಮುಂಗಾರಿನ ಮೋಡಗಳು ತಮ್ಮ ನೀರನ್ನೆಲ್ಲ ಸಹ್ಯಾದ್ರಿಯ ಆಚೆಗೇ ಸುರಿಸಿ, ಬರಿಗೈಯಲ್ಲಿ ಇಲ್ಲಿಗೆ ಬರುತ್ತವೆ. ತಾಲ್ಲೂಕಿನ ಮೂಲಕ ಸಾಗುವ ಮಾಣ್ ನದಿಯು ಭೀಮೆಯ ಉಪನದಿಯೇನೋ ಹೌದು. ಆದರೆ ವರ್ಷದ ಬಹುಕಾಲ ಅದರ ಪಾತ್ರದಲ್ಲಿ ಕಾಣುವುದು ಮರಳೇ ಹೊರತು ನೀರಲ್ಲ. ಈ ಒಣನೆಲದ ಜನರು ಒಬ್ಬರನ್ನೇ ಹನ್ನೊಂದು ಸಲ ವಿಧಾನಸಭೆಗೆ ಆರಿಸಿ ಕಳುಹಿಸಿದರು. ಅವರೇ ಗಣಪತರಾವ್ ದೇಶಮುಖರು.

ದೇಶಮುಖರು ಜನಿಸಿದುದು 1926ರ ಆಗಸ್ಟ್ 10ರಂದು. ಕಾನೂನು ಓದಿದ ಅವರು, ರೈತರ ಮತ್ತು ಕಾರ್ಮಿಕರ ಪರವಾಗಿ 1947ರಲ್ಲಿ ಹುಟ್ಟಿದ ಶೇತ್ಕರಿ ಕಾಮಗಾರ್ ಪಕ್ಷವನ್ನು ಸೇರಿದರು. ಮಹಾರಾಷ್ಟ್ರ ರಾಜ್ಯವು ರಚನೆಯಾದ ಮೇಲೆ 1962ರಲ್ಲಿ ನಡೆದ ಮೊದಲ ಚುನಾವಣೆಯಲ್ಲಿಯೇ ಗೆದ್ದು ಶಾಸಕರಾದರು. ಅವರ ಪಕ್ಷವು ವರ್ಷ ಕಳೆದಂತೆ ಕ್ಷೀಣಿಸಿತು. ದೇಶಮುಖರು ಮಾತ್ರ ಅದನ್ನು ಬಿಡಲಿಲ್ಲ.

ಅವರಿಗೆ ಸೋಲು ಬರಲಿಲ್ಲವೆಂದಲ್ಲ. 1972ರಲ್ಲಿ ಸೋತರು, ಗೆದ್ದವರು ತೀರಿಕೊಂಡುದರಿಂದ 1974ರಲ್ಲಿ ನಡೆದ ಉಪಚುನಾವಣೆಯಲ್ಲಿ ಮರಳಿ ಆಯ್ಕೆಯಾದರು. 1995ರಲ್ಲಿ ಮತ್ತೆ ಸೋತರು. ಆಗಿನ ಅಂತರ ಕೇವಲ 192 ಮತಗಳು! ಒಂದು ದೊಡ್ಡ ಶಾಲೆಯ ಮಕ್ಕಳ ಸಂಖ್ಯೆಗಿಂತಲೂ ಕಡಿಮೆ. 1999ರಲ್ಲಿ ಜನರು ಅವರನ್ನೇ ಪುನಃ ಕರೆದರು. ಎರಡು ಸಲ ಅವರು ಸಚಿವರಾದರೂ ಅದು ಅಲ್ಪಕಾಲದ ಮಾತು. ಸದನದಲ್ಲಿ ಕಳೆದ ಸುಮಾರು ಐವತ್ತು ವರ್ಷಗಳಲ್ಲಿ ಹೆಚ್ಚಿನವು ವಿರೋಧ ಪಕ್ಷದ ಸಾಲಿನಲ್ಲಿಯೇ ಸಂದುವು.

ಅಧಿಕಾರವಿಲ್ಲದ ಶಾಸಕನು ತನ್ನ ಕ್ಷೇತ್ರಕ್ಕೆ ಏನು ಮಾಡಬಲ್ಲನು? ಹಣವನ್ನು ಮಂಜೂರು ಮಾಡುವ ಲೇಖನಿ ಅವನ ಕೈಯಲ್ಲಿಲ್ಲ. ಆದರೆ ಪ್ರಶ್ನೋತ್ತರದ ವೇಳೆಯಲ್ಲಿ ಅವನು ಕೇಳಿದ ಪ್ರಶ್ನೆಗೆ ಸಚಿವರು ಉತ್ತರಿಸಲೇಬೇಕು. ಆ ಉತ್ತರವು ಸದನದ ದಾಖಲೆಯಲ್ಲಿ ಉಳಿಯುತ್ತದೆ. ಕೊಟ್ಟ ಮಾತು ನಡೆಯದಿದ್ದರೆ ಮರುವರ್ಷ ಅದೇ ದಾಖಲೆಯನ್ನು ಎತ್ತಿ ತೋರಿಸಬಹುದು. ಆಯವ್ಯಯದ ಚರ್ಚೆಯಲ್ಲಿ, ಒಂದು ಯೋಜನೆಗೆ ಇಟ್ಟ ಹಣ ಎಷ್ಟು, ವೆಚ್ಚವಾದುದು ಎಷ್ಟು ಎಂದು ಲೆಕ್ಕ ಕೇಳಬಹುದು. ಇದು ಬೇಸರವಿಲ್ಲದೆ ಮಾಡಬೇಕಾದ ಕೆಲಸ. ಚಪ್ಪಾಳೆ ಗಿಟ್ಟಿಸುವ ಭಾಷಣಕ್ಕಿಂತ ಇದು ಕಷ್ಟ.

ಸಾಂಗೋಲಾದ ಬೇಡಿಕೆಯಾದರೋ ಒಂದೇ: ನೀರು. ಮಳೆ ಬಾರದ ನೆಲಕ್ಕೆ ದೂರದ ಕೃಷ್ಣೆಯ ನೀರನ್ನು ಏರಿಸಿ ತರಬೇಕಾಗಿತ್ತು. ಸ್ವಾತಂತ್ರ್ಯ ಹೋರಾಟಗಾರ ನಾಗನಾಥ ಅಣ್ಣಾ ನಾಯಕವಾಡಿಯವರೊಡನೆ ಸೇರಿ ದೇಶಮುಖರು 1993ರಿಂದ ನೆರೆಯ ಆಟಪಾಡಿಯಲ್ಲಿ ಬರಪೀಡಿತ ತಾಲ್ಲೂಕುಗಳ ರೈತರ ನೀರಿನ ಪರಿಷತ್ತುಗಳನ್ನು ನಡೆಸಿದರು. ನದಿಯ ದಂಡೆಯವರಿಗೆ ಮಾತ್ರವಲ್ಲ, ದೂರದ ಹಳ್ಳಿಗೂ ನ್ಯಾಯವಾದ ಪಾಲು ಸಿಗಬೇಕೆಂಬುದು ಅಲ್ಲಿ ಎದ್ದ ಕೂಗು. ಕರಾಡದ ಸಮೀಪದ ಟೆಂಭು ಎಂಬಲ್ಲಿ ಕೃಷ್ಣೆಯ ನೀರನ್ನೆತ್ತಿ, ಹಂತ ಹಂತವಾಗಿ ಮೇಲಕ್ಕೆ ಸಾಗಿಸುವ ಯೋಜನೆಯು ಈ ತಾಲ್ಲೂಕುಗಳಿಗಾಗಿಯೇ ಸಿದ್ಧವಾದುದು. ಅದು ತೀರ ನಿಧಾನವಾಗಿ ಮುಂದುವರಿಯಿತು. ಅಷ್ಟರಲ್ಲಿ ಸಾಂಗೋಲಾದ ರೈತರು ಇದ್ದಷ್ಟು ನೀರಿನಲ್ಲಿಯೇ ದಾಳಿಂಬೆ ಬೆಳೆದು ಹೆಸರಾದರು.

ಜನರು ಪ್ರೀತಿಯಿಂದ ‘ಆಬಾ’ ಎಂದು ಕರೆಯುತ್ತಿದ್ದ ದೇಶಮುಖರು ಸರ್ಕಾರಿ ಬಸ್ಸಿನಲ್ಲಿ ಸಾಮಾನ್ಯರೊಡನೆ ಪ್ರಯಾಣ ಮಾಡುತ್ತಿದ್ದರು. ನಿಂತು ಅಹವಾಲು ಹೇಳಲು ಕಚೇರಿಯ ಬಾಗಿಲನ್ನು ಕಾಯಬೇಕಾಗಿರಲಿಲ್ಲ. 2014ರಲ್ಲಿ ಹನ್ನೊಂದನೆಯ ಸಲ ಗೆದ್ದಾಗ ಅವರಿಗೆ 88 ವರ್ಷ. 2019ರಲ್ಲಿ ಅವರು ಸ್ಪರ್ಧಿಸಲಿಲ್ಲ. 2021ರ ಜುಲೈ 30ರಂದು ಸೊಲ್ಲಾಪುರದಲ್ಲಿ ನಿಧನರಾದರು. ಆ ವೇಳೆಗೆ ಕೃಷ್ಣೆಯ ನೀರು ಸಾಂಗೋಲಾದ ಕೆಲವು ಹಳ್ಳಿಗಳನ್ನು ಮುಟ್ಟಿತ್ತು. ಉಳಿದ ಹಳ್ಳಿಗಳು ಇನ್ನೂ ಕಾಯುತ್ತಿದ್ದುವು.