ಕಾಡುಪಾಪವೂ ಗರಗಸ ಮೀನೂ

ಹಾಸನೂರಿನಲ್ಲಿ ಕಡಲು ಕಂಡವರಿಗಿಂತ ಒಣಮೀನು ಕಂಡವರೇ ಹೆಚ್ಚು. ಈ ವಾರ ಒಣಸೀಮೆಯ ಬೇಲಿಯಲ್ಲಿ ಬಾಳುವ ಒಂದು ಜೀವಿಯನ್ನೂ ಕಡಲಿನ ಒಂದು ಮೀನನ್ನೂ ಅಕ್ಕಪಕ್ಕದಲ್ಲಿಟ್ಟು ನೋಡೋಣ.

ಕಾಡುಪಾಪವನ್ನು ಸಣ್ಣ ಕೋತಿ ಎಂದು ಜನ ಹೇಳುವುದುಂಟು. ಅದು ಕೋತಿಯ ದೂರದ ದಾಯಾದಿ. ತೂಕ ಸುಮಾರು ಕಾಲು ಕಿಲೋ, ಬಾಲವಿಲ್ಲ, ಮುಖದ ತುಂಬ ಕಣ್ಣು. ಜಾಲಿ, ಹುಣಸೆ, ಕಳ್ಳಿಬೇಲಿಗಳೇ ಇದರ ಮನೆ. ಹಗಲೆಲ್ಲ ಉಂಡೆಯಂತೆ ಮುದುರಿ ಮಲಗಿ, ಇರುಳಾದ ಮೇಲೆ ಜೀರುಂಡೆ, ಇರುವೆ, ಗೆದ್ದಲುಗಳನ್ನು ಹಿಡಿದು ತಿನ್ನುತ್ತದೆ. ಕೂಲಿ ಕೇಳದ ಕಾವಲುಗಾರನೆನ್ನಬೇಕು. ಆದರೆ ಇದು ಕೋತಿಯಂತೆ ನೆಗೆಯಲಾರದು. ಕೊಂಬೆಯಿಂದ ಕೊಂಬೆಗೆ ಹಿಡಿದುಕೊಂಡೇ ಸಾಗಬೇಕು. ನಡುವೆ ನಾಲ್ಕು ಮಾರು ಬೇಲಿ ಕಿತ್ತು ತಂತಿ ಎಳೆದರೆ ನೆಲಕ್ಕಿಳಿಯುವುದೇ ಗತಿ. ಅಲ್ಲಿ ನಾಯಿ, ರಸ್ತೆಯಲ್ಲಿ ಲಾರಿ. ದಿಂಬಂ ದಾರಿಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ಬಿದ್ದ ಕಡಿವಾಣ ಇರುಳಲ್ಲಿ ಓಡಾಡುವ ಪ್ರಾಣಿಗಳಿಗೆ ಒಳ್ಳೆಯದೇ. ತರಕಾರಿ ಸಾಗಿಸುವವರಿಗೆ ಕಷ್ಟವಾದುದೂ ನಿಜವೇ. ಇದರ ಕಣ್ಣಿನಲ್ಲಿ ಮದ್ದಿದೆ, ಮಾಟವಿದೆ ಎಂದು ಕೊಲ್ಲುವ ಮೂಢರ ಮಾತು ಬೇರೆ.

ಗರಗಸ ಮೀನು ತೊರಕೆ, ಸೊರ ಮೀನುಗಳ ಬಳಗದ್ದು. ನಿಮ್ಮ ಕಿವಿಯ ಮೇಲಂಚನ್ನು ಮಡಿಸಿ ನೋಡಿ. ಒಳಗೆ ಬಾಗುವ ಅಂಥ ಮೃದ್ವಸ್ಥಿಯೇ ಇವುಗಳ ಅಸ್ಥಿಪಂಜರ, ಗಟ್ಟಿ ಮೂಳೆಯಿಲ್ಲ. ಮೂತಿಯ ಎರಡು ಅಂಚಿಗೂ ಹಲ್ಲುಳ್ಳ ಗರಗಸ. ಅದನ್ನು ಬೀಸಿ ಸಣ್ಣ ಮೀನುಗಳನ್ನು ಹೊಡೆದು ತಿನ್ನುತ್ತದೆ. ಆ ಆಯುಧವೇ ಅದಕ್ಕೆ ಯಮನೂ ಹೌದು. ಬಲೆಗೆ ತಾಗಿತೆಂದರೆ ತೊಡರಿಕೊಂಡು ಬಿಡುತ್ತದೆ.

ಒಂದರ ಕಣ್ಣಿಗೆ, ಇನ್ನೊಂದರ ಗರಗಸಕ್ಕೆ ಜನ ಆಸೆಪಟ್ಟರು. ಆದರೆ ನಿಜವಾದ ಹೋಲಿಕೆ ಹೆರಿಗೆಯಲ್ಲಿದೆ. ಕೆರೆಯ ರೋಹು ಮೀನು ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಗರಗಸ ಮೀನು ಮೊಟ್ಟೆಯಿಡದೆ ಕೆಲವೇ ಮರಿ ಹಾಕುತ್ತದೆ, ಅದೂ ಹಲವು ವರ್ಷ ಬೆಳೆದ ಮೇಲೆ. ಕಾಡುಪಾಪ ಐದೂವರೆ ತಿಂಗಳು ಹೊತ್ತು ಹೆರುವುದು ಒಂದು ಅಥವಾ ಎರಡು ಮರಿ. ಇದು ಕೋಳಿಯ ಲೆಕ್ಕವಲ್ಲ, ಹಸುವಿನ ಲೆಕ್ಕ. ಹೋದುದನ್ನು ತುಂಬಿಕೊಳ್ಳಲು ಕಾಲ ಬೇಕು.

ಕಾನೂನು ಎರಡನ್ನೂ ಕಾಯುತ್ತದೆ. ಗರಗಸ ಮೀನಿಗೆ ಆ ರಕ್ಷಣೆ ಬಂದುದು 2001ರಲ್ಲಿ. ಅಷ್ಟರಲ್ಲಿ ತಡವಾಗಿತ್ತು. ದೊಡ್ಡ ಹಲ್ಲಿನ ಗರಗಸ ಮೀನು ಇಂದು ಅಳಿವಿಗೆ ತೀರ ಹತ್ತಿರವಿರುವ ಜೀವಿಗಳ ಪಟ್ಟಿಯಲ್ಲಿದೆ. ಕಾಡುಪಾಪ ಇನ್ನೂ ಅಷ್ಟು ದೂರ ಹೋಗಿಲ್ಲ. ಕರೂರು, ದಿಂಡಿಗಲ್ ಜಿಲ್ಲೆಗಳ ಕಡವೂರಿನಲ್ಲಿ 2022ರಲ್ಲಿ ತಮಿಳುನಾಡು ಸರ್ಕಾರ ಇದಕ್ಕಾಗಿಯೇ 11,806 ಹೆಕ್ಟೇರಿನ ಅಭಯಾರಣ್ಯ ಮಾಡಿತು.

ಬೇಲಿ ಸವರುವಾಗ ಕೊಂಬೆಯಲ್ಲಿ ಬೂದು ಉಂಡೆ ಕಂಡರೆ ಆ ಕೊಂಬೆಯನ್ನು ಬಿಟ್ಟುಬಿಡಿ. ತಂತಿ ಹಾಕಲೇಬೇಕಾದರೂ ಕಳ್ಳಿಯ ಸಾಲನ್ನು ಕೀಳಬೇಡಿ. ಗಾಯಗೊಂಡದ್ದು ಸಿಕ್ಕಿದರೆ ಮನೆಗೆ ಒಯ್ಯದೆ ಅರಣ್ಯ ಇಲಾಖೆಯವರಿಗೆ ಹೇಳಿ ಕಳುಹಿಸಿ.