ಎಮಿಲಿಯ ಅರ್ಜಿ

ಅಕ್ಕಂದಿರೇ, ವಿಮಾನದ ಸದ್ದು ಕೇಳಿದರೆ ನಾವೆಲ್ಲ ತಲೆ ಎತ್ತಿ ನೋಡ್ತೇವೆ. ಅದನ್ನು ಓಡಿಸುವವರು ಪೈಲಟ್.

ಎಮಿಲಿ ಹೋವೆಲ್ ಅಮೆರಿಕದ ಹೆಂಗಸು. ಒಬ್ಬ ಮಗನ ತಾಯಿ. ಡೆನ್ವರ್ ಊರಿನಲ್ಲಿ ವಿಮಾನ ಓಡಿಸೋದನ್ನು ಕಲಿಸುತ್ತಿದ್ದರು. ಅವರ ಹತ್ತಿರ ಕಲಿತ ಗಂಡಸರಿಗೆ ವಿಮಾನ ಕಂಪನಿಗಳಲ್ಲಿ ಕೆಲಸ ಸಿಕ್ಕಿತು. ಕಲಿಸಿದವರಿಗೆ ಇಲ್ಲ! ಇದೆಂಥ ನ್ಯಾಯ? ಆಗ ಅಲ್ಲಿನ ಕಂಪನಿಗಳು ಹೆಂಗಸರನ್ನು ಪೈಲಟ್ ಕೆಲಸಕ್ಕೆ ತಗೊಳ್ತಿರಲಿಲ್ಲ.

ಎಮಿಲಿ ಅರ್ಜಿ ಹಾಕಿದರು. ವರ್ಷಗಟ್ಟಲೆ ಕಾದರು. ಮತ್ತೆ ಮತ್ತೆ ಹೋಗಿ ಕೇಳಿದರು. ಅಷ್ಟರಲ್ಲಿ ಅವರು ಸುಮಾರು 7,000 ಗಂಟೆ ವಿಮಾನ ಹಾರಿಸಿದ್ದರು.

1973ರಲ್ಲಿ ಫ್ರಾಂಟಿಯರ್ ಎಂಬ ಕಂಪನಿ ಕೆಲಸ ಕೊಟ್ಟಿತು. ಡೆನ್ವರಿನಿಂದ ಸುತ್ತಲಿನ ಊರುಗಳಿಗೆ ವಿಮಾನ ಬಿಡುತ್ತಿದ್ದ ಕಂಪನಿ ಅದು. ಆಗ ಎಮಿಲಿಗೆ 33 ವರ್ಷ. 1976ರಲ್ಲಿ ಕ್ಯಾಪ್ಟನ್ ಆದರು. ಅಂದರೆ, ಇಡೀ ವಿಮಾನಕ್ಕೆ ಅವರೇ ಯಜಮಾನಿ.

ಓದಿ, ಬರೆಯಿರಿ: ಅರ್ಜಿ, ವಿಮಾನ, ಯಜಮಾನಿ.