ಪರಂಗಿಮಲೆಗೆ ಹೊರಟವಳಿಗೆ

ಪುಟ್ಟಿ, ನೀನು ಪರಂಗಿಮಲೆಯ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಗೆ ಆಯ್ಕೆಯಾದೆ ಎಂದು ನಿನ್ನಜ್ಜಿ ಮಾಂಬಲದ ನಮ್ಮ ಬೀದಿಗೆಲ್ಲ ಮೈಸೂರು ಪಾಕು ಹಂಚಿ ಬಂದಿದ್ದಾಳೆ. ನನಗೂ ಹೆಮ್ಮೆಯೇ. ಹೊರಡುವ ಹೊತ್ತಿನಲ್ಲಿ ಅಜ್ಜ ಅಪಶಕುನ ನುಡಿದ ಅನ್ನಬೇಡ.

ಸಿಪಾಯಿಯ ಧೈರ್ಯ ಬೇರೆ, ಆಳುವವರಿಗೆ ಹತ್ತುವ ವಿಜಯದ ಅಮಲು ಬೇರೆ. ಧೈರ್ಯವನ್ನು ಅಲ್ಲಿ ಕಲಿಸುತ್ತಾರೆ. ಅಮಲಿನ ವಿಷಯ ನಾನು ಹೇಳುತ್ತೇನೆ.

ನೀನು ಕವಾಯತು ಮಾಡುವ ಆ ಬೆಟ್ಟದ ಆಸುಪಾಸಿಗೆ 1769ರಲ್ಲಿ ಹೈದರಾಲಿ ಕುದುರೆ ದಂಡಿನೊಂದಿಗೆ ಬಂದಿದ್ದ. ಕಂಪನಿಯವರ ಜಂಘಾಬಲವೇ ಉಡುಗಿತ್ತು. ಮದರಾಸಿನ ಕೋಟೆಗೆ ನುಗ್ಗಿ ಹೆಸರು ಮಾಡಲು ಹೋಗಲಿಲ್ಲ ಆತ. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರಬೇಕು ಎಂದು ಒಪ್ಪಂದ ಮಾಡಿಸಿಕೊಂಡು ಮನೆಗೆ ಹೊರಟ. ಮರಾಠರು ಏರಿ ಬಂದಾಗ ಕಂಪನಿ ಮಾತಿಗೆ ತಪ್ಪಿತು, ಆ ಮಾತು ಬೇರೆ. ನನ್ನ ಮಟ್ಟಿಗೆ ಹೈದರನ ದೊಡ್ಡ ಗೆಲುವು ಆ ಒಪ್ಪಂದವೇ.

ಆದರೆ ಗೋಡೆಯ ಮೇಲೆ ಚಿತ್ರವಾಗಿ ಬಂದದ್ದು ಕಂಪನಿ ಸೋತ 1780ರ ಪೊಲ್ಲಿಲೂರಿನ ಕಾಳಗ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲಿ ನೋಡಿದ್ದೀಯಲ್ಲ: ಮದ್ದಿನ ಬಂಡಿ ಸಿಡಿಯುತ್ತಿದೆ, ಪಲ್ಲಕ್ಕಿಯಲ್ಲಿ ಕೂತ ಕಂಪನಿಯ ಕರ್ನಲ್ ಬೇಯ್ಲಿ ಬೆರಳು ಕಚ್ಚುತ್ತಿದ್ದಾನೆ. ಅದೇ ದಂಡಯಾತ್ರೆಯಲ್ಲಿ ಉರಿದುಹೋದ ಹಳ್ಳಿಗಳನ್ನೂ, ಬೆನ್ನಿಗೇ ಮದರಾಸಿಗೆ ಬಡಿದ ಬರವನ್ನೂ ಆ ಗೋಡೆಯಲ್ಲಿ ಹುಡುಕಬೇಡ. ಬರೆಸಿದವರಿಗೆ ಅದು ಬೇಕಿರಲಿಲ್ಲ.

ಇಂಗ್ಲಿಷರೇನು ಕಡಿಮೆಯೇ? ಕಾರ್ನ್‌ವಾಲಿಸ್ 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿ ಬಂದವನು. 1791ರಲ್ಲಿ ಹೈದರನ ಮಗ ಟಿಪ್ಪುವಿನ ಮೇಲೆ ದಂಡೆತ್ತಿ ಶ್ರೀರಂಗಪಟ್ಟಣದ ಬಾಗಿಲವರೆಗೂ ಬಂದು, ಮಳೆಗೆ ಸಿಕ್ಕಿ, ಎತ್ತುಗಳು ಸತ್ತು, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದೆ ಸರಿದ. ಒಮ್ಮೆ ಮುಖಭಂಗವಾದವನಿಗೆ ಕೀರ್ತಿಯ ಹಸಿವು ಇನ್ನೂ ಜಾಸ್ತಿ. ಮರುವರ್ಷ ಗೆದ್ದ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಅದು ತೀರುವ ತನಕ ಟಿಪ್ಪುವಿನ ಇಬ್ಬರು ಚಿಕ್ಕ ಗಂಡುಮಕ್ಕಳು ಒತ್ತೆ. ಆ ಹುಡುಗರನ್ನು 1794ರವರೆಗೆ ಇದೇ ಮದರಾಸಿನಲ್ಲಿ ಇಟ್ಟುಕೊಂಡಿದ್ದರು.

ಕಾರ್ನ್‌ವಾಲಿಸನ ಅಮೃತಶಿಲೆಯ ಪ್ರತಿಮೆ ಮದರಾಸಿನ ಕೋಟೆಯ ಮ್ಯೂಸಿಯಮ್ಮಿನಲ್ಲಿದೆ. ಕಡೆದವನು ಥಾಮಸ್ ಬ್ಯಾಂಕ್ಸ್. ತಲೆಯೆತ್ತಿ ಅವನ ಮುಖ ನೋಡುವುದು ಆಮೇಲಾಗಲಿ. ಮೊದಲು ಪೀಠ ನೋಡು. ಮಕ್ಕಳನ್ನು ಒಪ್ಪಿಸಿಕೊಳ್ಳುವ ದೃಶ್ಯವನ್ನು ಅಲ್ಲಿ ಸಡಗರದಿಂದ ಕೆತ್ತಿಸಿದ್ದಾರೆ! ಬಾಕಿ ಹಣಕ್ಕೆ ಮಕ್ಕಳನ್ನು ಅಡವಿಟ್ಟುಕೊಂಡದ್ದು ಅವರ ಕಣ್ಣಿಗೆ ಔದಾರ್ಯವಾಗಿ ಕಂಡಿತ್ತು. ಗೆದ್ದವನಿಗೆ ನಾಚಿಕೆ ಮೊದಲು ಹೋಗುತ್ತದೆ, ಪುಟ್ಟಿ. ಯುದ್ಧದ ಕೀರ್ತಿ ನಾಯಕರಿಗೆ ಅಷ್ಟು ರುಚಿಸುವುದು ಅದರ ಬಾಕಿ ಬೇರೆಯವರ ಮನೆಗೆ ಹೋಗುವುದರಿಂದಲೇ.

ನಾಳೆ ನಿನ್ನ ಕೈಕೆಳಗೂ ಜವಾನರಿರುತ್ತಾರೆ. ಯಾವುದೋ ಗುಡ್ಡ ಹಿಡಿಯಬೇಕು ಅಂತ ನಿನಗೇ ಆಸೆ ಹುಟ್ಟಿದಾಗ, ಆ ಗುಡ್ಡ ದೇಶಕ್ಕೆ ಬೇಕೋ, ನಿನ್ನ ಎದೆಯ ಮೇಲಿನ ಪದಕಕ್ಕೆ ಬೇಕೋ ಎಂದು ಒಂದು ಗಳಿಗೆ ಯೋಚಿಸು. ದೇಶಕ್ಕೆ ಬೇಕಾದರೆ ಹಿಂದೆ ನೋಡಬೇಡ.

ಮೊದಲ ರಜೆಗೆ ಪರಂಗಿಮಲೆಯ ಮೌಂಟ್ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿ ಫೋರ್ಟ್ ಸ್ಟೇಷನ್ನಿನಲ್ಲಿ ಇಳಿ, ಆ ಪ್ರತಿಮೆ ನೋಡೋಣ. ಮಂಡಿ ಒಪ್ಪಿದರೆ ನಾನೂ ಬರುತ್ತೇನೆ. ಶುಕ್ರವಾರ ಮಾತ್ರ ಬೇಡ, ಮ್ಯೂಸಿಯಮ್ಮಿಗೆ ಅವತ್ತು ರಜಾ.